ಗಾಳಕ್ಕೆ ಬಂದ ಬೇರೆ ಮೀನು

ಹೊಟ್ಟೆಪಾಡಿಗೆ ಗಾಳ ಹಾಕುವವನಿಗೆ ಯಾವ ಮೀನು ಬಂದರೂ ಸರಿಯೇ, ಸಾರಿಗಾದರೆ ಆಯಿತು. ಹವ್ಯಾಸಕ್ಕೆ ಹಾಕುವವನಿಗೆ ಹಾಗಲ್ಲ, ಇಂಥದೇ ಮೀನು ಬೇಕು. ಈ ಗೀಳು ತುತ್ತತುದಿ ಮುಟ್ಟಿದ್ದು ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ಹೊಳೆದಂಡೆಗಳಲ್ಲಿ ಬೆಳೆದ ‘ಫ್ಲೈ ಫಿಶಿಂಗ್’ ಎಂಬ ಕಲೆಯಲ್ಲಿ. ಇಲ್ಲಿ ಗಾಳಕ್ಕೆ ಎರೆಹುಳು ಸಿಕ್ಕಿಸುವುದಿಲ್ಲ. ಹಕ್ಕಿಯ ಗರಿ, ಪ್ರಾಣಿಯ ರೋಮ, ರೇಷ್ಮೆ ದಾರಗಳನ್ನು ಕೊಕ್ಕೆಗೆ ಸುತ್ತಿ ನೊಣದಂಥ ಹುಸಿ ಕೀಟವೊಂದನ್ನು ಕಟ್ಟುತ್ತಾರೆ. ಅದಕ್ಕೆ ತೂಕವೇ ಇಲ್ಲದ್ದರಿಂದ ದಾರದ ಭಾರವನ್ನೇ ನಂಬಿ, ಚಾಟಿ ಬೀಸಿದಂತೆ ಕೋಲನ್ನು ಬೀಸಿ ನೀರಿನ ಮೇಲೆ ಇಳಿಸಬೇಕು. ಟ್ರೌಟ್‌ಗೆ ಒಂದು ಬಗೆಯ ನೊಣ, ಸಾಲ್ಮನ್‌ಗೆ ಮತ್ತೊಂದು ಬಗೆಯದು. ಆದರೆ ಈ ವಿಂಗಡಣೆ ಮೀನುಗಳಿಗೆ ತಿಳಿದಿರುವುದಿಲ್ಲವಾದ್ದರಿಂದ, ಕರೆದವರನ್ನು ಬಿಟ್ಟು ಬೇರೆಯವರು ಊಟಕ್ಕೆ ಬಂದು ಕೂರುವುದು ಈ ಆಟದಲ್ಲಿ ನಿತ್ಯದ ಸಂಗತಿ.

ಈ ಕೋಲು, ನೊಣಗಳನ್ನು ಹೊತ್ತು ಭಾರತಕ್ಕೆ ಬಂದ ಬ್ರಿಟಿಷ್ ಅಧಿಕಾರಿಗಳಿಗೆ ಇಲ್ಲಿ ಟ್ರೌಟೂ ಸಿಗಲಿಲ್ಲ, ಸಾಲ್ಮನ್ನೂ ಸಿಗಲಿಲ್ಲ. ಸಿಕ್ಕವೆಲ್ಲ ಬೇರೆಯೇ ಮೀನುಗಳು. ಸ್ವಾರಸ್ಯವೆಂದರೆ, ಬಂದ ಮೀನುಗಳಿಗೆ ಅವರು ಬಾರದ ಮೀನಿನ ಹೆಸರನ್ನೇ ಇಟ್ಟರು. ಹಿಮಾಲಯದ ತೊರೆಗಳ ಮೀನು ‘ಸ್ನೋ ಟ್ರೌಟ್’ ಆಯಿತು. ಉತ್ತರದ ನದಿಗಳಲ್ಲಿ ನೊಣಕ್ಕೆ ಎಗರುವ ಬೆಳ್ಳಿಬಣ್ಣದ ಮೀನೊಂದು ‘ಇಂಡಿಯನ್ ಟ್ರೌಟ್’ ಎನಿಸಿತು. ಮಹಸೀರ್ ‘ಭಾರತದ ಸಾಲ್ಮನ್’ ಎಂಬ ಬಿರುದು ಪಡೆಯಿತು. ಈ ಮೂರೂ ವಾಸ್ತವವಾಗಿ ಗೆಂಡೆ, ಕಾಟ್ಲಾಗಳ ಬಳಗಕ್ಕೆ ಸೇರಿದವು; ಟ್ರೌಟ್, ಸಾಲ್ಮನ್‌ಗಳಿಗೂ ಇವಕ್ಕೂ ಹತ್ತಿರದ ನಂಟೇನೂ ಇಲ್ಲ.

ಮಹಸೀರ್ ಎಂದರೆ ಕಾವೇರಿ ತೀರದವರ ಬಿಳಿಮೀನು. ಅದರ ಕೀರ್ತಿಯನ್ನು ಇಂಗ್ಲಿಷ್ ಓದುಗರ ನಡುವೆ ಹಬ್ಬಿಸಿದವನು ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್. ಅವನ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಸೆಣಸಾಟದಲ್ಲಿ ಮಹಸೀರ್ ಸಾಲ್ಮನ್ನನ್ನೂ ಮೀರಿಸುತ್ತದೆಂಬುದು ಅವನ ವಾದ. ಅಂದಿನ ಇಂಗ್ಲಿಷರ ಕಿವಿಗೆ ಇದು ಅಧಿಕಪ್ರಸಂಗದಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಮತ್ಸ್ಯವಿಜ್ಞಾನಿ ಫ್ರಾನ್ಸಿಸ್ ಡೇ ದಕ್ಷಿಣ ಕನ್ನಡದ ಹೊಳೆಗಳ ಒಂದು ಮೀನಿಗೆ ಥಾಮಸ್‌ನ ಹೆಸರನ್ನೇ ಇಟ್ಟಿದ್ದಾನೆ.

ಆದರೂ ಊರಿನ ಮೀನಿನ ಹಂಬಲ ಬಿಡಬೇಕಲ್ಲ! ಇದೇ ಡೇ 1860ರ ದಶಕದಲ್ಲಿ ಇಂಗ್ಲೆಂಡಿನಿಂದ ಟ್ರೌಟ್ ಮೊಟ್ಟೆಗಳನ್ನು ನೀಲಗಿರಿಗೆ ತರಲು ಹೆಣಗಿ ಸೋತ. 20ನೆಯ ಶತಮಾನದ ಮೊದಲ ದಶಕದಲ್ಲಿ ಎಚ್.ಸಿ. ವಿಲ್ಸನ್ ರೇನ್‌ಬೋ ಟ್ರೌಟ್‌ಗಳನ್ನು ಅಲ್ಲಿ ನೆಲೆಯೂರಿಸಿದ. ಕಾಶ್ಮೀರಕ್ಕೆ ಕಂದು ಟ್ರೌಟ್ ಬಂದದ್ದೂ ಹೆಚ್ಚು ಕಡಿಮೆ ಅದೇ ಕಾಲದಲ್ಲಿ. ಬೇಕಾದ ಮೀನು ನದಿಯಲ್ಲಿ ಇಲ್ಲದಿದ್ದರೆ ತಂದು ಬಿಟ್ಟರಾಯಿತು ಎಂಬ ಈ ಧೋರಣೆ ಬ್ರಿಟಿಷರೊಂದಿಗೆ ಹೊರಟುಹೋಗಲಿಲ್ಲ.

ಕಾವೇರಿಯ ದೊಡ್ಡ ಮಹಸೀರ್‌ಗೆ ಬೆನ್ನಿನ ಮೇಲೊಂದು ಗೂನು, ಕಿತ್ತಳೆ ಬಣ್ಣದ ಈಜುರೆಕ್ಕೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಇದು ಪ್ರಪಂಚದ ಬೇರಾವ ನದಿಯದೂ ಅಲ್ಲ. 1946ರಲ್ಲಿ ಕಬಿನಿಯಲ್ಲಿ, ಮೈಸೂರಿನಲ್ಲಿ ಪ್ರಾಣಿಗಳ ಚರ್ಮ ತುಂಬುವ ಕಸುಬಿಗೆ ಹೆಸರಾದ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಹಿಡಿದ ಮಹಸೀರ್ 120 ಪೌಂಡ್ ತೂಗಿತು. ಎಂದರೆ ಸುಮಾರು 54 ಕಿಲೋ. ಗಾಳಕ್ಕೆ ಸಿಕ್ಕ ಮಹಸೀರ್‌ಗಳಲ್ಲಿ ಇದೇ ದಾಖಲೆ ಎಂದು ಇಂದಿಗೂ ಹೇಳುತ್ತಾರೆ.

ಸ್ವಾತಂತ್ರ್ಯಾನಂತರ ಸಿಡಿಮದ್ದಿನ ಬೇಟೆ, ಅಣೆಕಟ್ಟುಗಳಿಂದ ಮಹಸೀರ್ ದೇಶದೆಲ್ಲೆಡೆ ಕುಗ್ಗಿತು. ಆಗ, 1970ರ ದಶಕದಲ್ಲಿ, ಪುಣೆ ಸಮೀಪದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯ ಕೆರೆಗಳ ದಂಡೆಯಲ್ಲಿ ಮಹಸೀರ್ ಮರಿಗಳನ್ನು ಕೃತಕವಾಗಿ ಬೆಳೆಸುವ ಕೆಲಸ ನಡೆಯಿತು. ಅದು ಶ್ರದ್ಧೆಯಿಂದ ನಡೆದ, ಮೆಚ್ಚುಗೆ ಪಡೆದ ಕೆಲಸ. ಮರಿಗಳು ಹಲವು ರಾಜ್ಯಗಳ ನೀರಿಗೆ ಹೋದವು, ಕಾವೇರಿಗೂ ಬಂದವು. ಆದರೆ ಅವು ಕೃಷ್ಣಾ ಕೊಳ್ಳದ ನೀಲಿ ರೆಕ್ಕೆಯ ಮಹಸೀರ್‌ಗಳು. ಕರ್ನಲ್ ಸೈಕ್ಸ್ 1839ರಲ್ಲಿ ಪುಣೆಯ ಬಳಿಯ ನದಿಯಿಂದ ವರ್ಣಿಸಿದ್ದ ಬೇರೆ ಜಾತಿ ಅದು. ಮಹಸೀರ್ ಎಂದ ಮೇಲೆ ಎಲ್ಲವೂ ಒಂದೇ ಎಂಬ ಭಾವನೆ ಅಂದು ಸಾಮಾನ್ಯವಾಗಿತ್ತು.

ಮುಂದೆ ಭೀಮೇಶ್ವರಿ, ಸಂಗಮದ ಬಳಿಯ ಗಾಳಿಬೋರೆಗಳಲ್ಲಿ ಹವ್ಯಾಸಿಗಳ ಶಿಬಿರಗಳು ನಡೆದವು. ಗೂನುಬೆನ್ನಿನ ಮೀನನ್ನು ಅರಸಿ ದೇಶವಿದೇಶಗಳಿಂದ ಜನ ಬಂದರು. ಇಲ್ಲಿ ಗರಿಯ ನೊಣ ಹಿಂದೆ ಸರಿದು ನಮ್ಮ ರಾಗಿ ಮುಂದೆ ಬಂತು: ಬೇಯಿಸಿದ ರಾಗಿಹಿಟ್ಟಿನ ಉಂಡೆಯೇ ಗಾಳದ ಮೇವು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರಿಗೆ ದಾರಿತೋರುಗರ ಕೆಲಸ ಸಿಕ್ಕಿತು. ಹಿಡಿದ ಮೀನನ್ನು ತೂಗಿ ನೀರಿಗೇ ಬಿಡಬೇಕೆಂಬುದು ನಿಯಮ. ಬಿಡುವ ಮುನ್ನ ಪುಸ್ತಕದಲ್ಲಿ ಬರೆಯಬೇಕು: ಎಷ್ಟು ಹೊತ್ತು ಗಾಳ ಹಾಕಿದ್ದು, ಎಷ್ಟು ಮೀನು, ತೂಕವೆಷ್ಟು, ನೋಟ ಹೇಗಿತ್ತು.

ಈ ಪುಸ್ತಕಗಳಿಗೆ ಇಂಥ ಬೆಲೆ ಬರುವುದೆಂದು ಬರೆದವರೇ ಎಣಿಸಿರಲಾರರು. ಬ್ರಿಟನ್ನಿನ ಏಡ್ರಿಯನ್ ಪಿಂಡರ್ ಮತ್ತು ಸಂಗಡಿಗರು ಗಾಳಿಬೋರೆಯ 1998ರಿಂದ 2012ರವರೆಗಿನ ದಾಖಲೆಗಳನ್ನು ಕೂಡಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು 23,620 ಗಂಟೆಗಳ ಗಾಳ, 6,161 ಮಹಸೀರ್‌ಗಳು. ಮೇಲುನೋಟಕ್ಕೆ ಸಂತಸದ ಸುದ್ದಿಯೇ. ವರ್ಷ ಕಳೆದಂತೆ ಗಂಟೆಗೆ ಸಿಗುವ ಮೀನು ಹೆಚ್ಚಿತ್ತು, ತೂಕ ಇಳಿದಿತ್ತು. ಎಂದರೆ ಮರಿಗಳು ಸಮೃದ್ಧವಾಗಿ ಬೆಳೆಯುತ್ತಿದ್ದವು. ಆದರೆ ಯಾವ ಜಾತಿಯ ಮರಿಗಳು ಎಂದು ಬಿಡಿಸಿ ನೋಡಿದಾಗ ಎದೆ ಧಸಕ್ಕೆನ್ನುವ ಉತ್ತರ ಬಂತು. ಹೆಚ್ಚಿದ್ದು ನೀಲಿ ರೆಕ್ಕೆಯವು. ಗೂನುಬೆನ್ನಿನವು ವರ್ಷದಿಂದ ವರ್ಷಕ್ಕೆ ವಿರಳವಾಗಿದ್ದವು.

ಹೊರಗಿನ ಮೀನೊಂದೇ ಇದಕ್ಕೆ ಕಾರಣ ಎನ್ನುವಂತಿಲ್ಲ. ಅಣೆಕಟ್ಟು, ಮರಳು ತೆಗೆತ, ಬೇಸಿಗೆಯಲ್ಲಿ ಬತ್ತುವ ನೀರು ಎಲ್ಲವೂ ಇವೆ. ಆದರೆ ಇವೆಲ್ಲ ನೀಲಿ ರೆಕ್ಕೆಯ ಮೀನಿಗೂ ಇದ್ದವಲ್ಲ, ಅದು ಹೇಗೆ ಹೆಚ್ಚಿತು ಎಂಬ ಪ್ರಶ್ನೆ ಉಳಿಯುತ್ತದೆ. ಹದಿನೈದು ವರ್ಷ ಗಾಳಕ್ಕೆ ಬೇರೆ ಮೀನು ಬರುತ್ತಲೇ ಇತ್ತು. ಅದೂ ಮಹಸೀರೇ, ಅದೂ ಸೊಗಸಾಗಿ ಸೆಣಸುತ್ತಿತ್ತು. ಹಿಡಿದವನು ಸಂತೋಷದಿಂದಲೇ ಊರಿಗೆ ಮರಳುತ್ತಿದ್ದ. ಬಹುಶಃ ಹಾಗಾಗಿಯೇ ಅಪಾಯ ಕಣ್ಣಿಗೆ ಬೀಳುವುದು ತಡವಾಯಿತು.

ಇನ್ನೊಂದು ತೊಡಕೂ ಇತ್ತು. ಅಳಿಯುತ್ತಿದ್ದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಬಹುಕಾಲ ಬಳಕೆಯಲ್ಲಿದ್ದ ಹೆಸರು ಬೇರೊಂದು ಮೀನಿಗೆ ಸೇರಿದ್ದೆಂದು 2013ರಲ್ಲಿ ಗೊತ್ತಾಯಿತು. ಹೆಸರಿಲ್ಲದ ಜೀವಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸುವುದು ಹೇಗೆ? 2018ರಲ್ಲಿ ಸಿಕ್ಕು ಬಿಡಿಸಿತು. ಕೇರಳದ ಪಾಂಬಾರ್ ಹೊಳೆಯ ಪುಟ್ಟ ಮೀನುಗಳನ್ನು ನೋಡಿ ವಿಜ್ಞಾನಿಗಳು ಮೊದಲೇ ಇಟ್ಟಿದ್ದ ‘ಟಾರ್ ರೆಮಾದೇವಿ’ ಎಂಬ ಹೆಸರು ಈ ದೈತ್ಯನದೇ ಎಂದು ಸಿದ್ಧವಾಯಿತು. ಪಾಂಬಾರ್ ಕೂಡ ಕಾವೇರಿಯನ್ನು ಸೇರುವ ನೀರೇ. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಮತ್ಸ್ಯತಜ್ಞೆ ಕೆ. ರೆಮಾದೇವಿ ಅವರ ಗೌರವಾರ್ಥ ಇಟ್ಟ ಹೆಸರದು. ಅದೇ ವರ್ಷ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಈ ಮೀನನ್ನು ತೀವ್ರ ಅಪಾಯದ ವರ್ಗಕ್ಕೆ ಸೇರಿಸಿತು. ನೀಲಿ ರೆಕ್ಕೆಯದನ್ನು ಆತಂಕವಿಲ್ಲದ ವರ್ಗಕ್ಕೆ ಇಳಿಸಿತು.

ಅಷ್ಟರಲ್ಲಿ ವನ್ಯಜೀವಿ ಕಾಯಿದೆಯ ಕಾರಣದಿಂದ ಕಾವೇರಿ ಅಭಯಾರಣ್ಯದ ಶಿಬಿರಗಳಲ್ಲಿ ಗಾಳ ನಿಂತುಹೋಗಿತ್ತು. ಅಭಯಾರಣ್ಯದಲ್ಲಿ ಮೋಜಿಗಾಗಿ ಪ್ರಾಣಿಯನ್ನು ಹಿಂಸಿಸಬಾರದೆಂಬ ವಾದವನ್ನು ಅಲ್ಲಗಳೆಯುವುದು ಸುಲಭವಲ್ಲ. ಆದರೆ ಗಾಳದ ಜೊತೆಗೆ ಗಾಳಿಬೋರೆಯ ಲೆಕ್ಕದ ಪುಸ್ತಕವೂ 2012ಕ್ಕೆ ಮುಗಿಯಿತು. 2018ರಲ್ಲಿ ಮೀನಿನ ಗುರುತು ಖಚಿತಪಡಿಸಲು ಬೇಕಾದ ಮಾದರಿಗಳು ಸಿಕ್ಕಿದ್ದು ಕಾವೇರಿಯ ಆ ಮಡುಗಳಲ್ಲಲ್ಲ, ತಮಿಳುನಾಡಿನ ಮೋಯಾರ್ ನದಿಯಲ್ಲಿ; ನೀಲಗಿರಿಯಲ್ಲಿ ಹುಟ್ಟಿ, ಭವಾನಿಯನ್ನು ಕೂಡಿ, ಕೊನೆಗೆ ಕಾವೇರಿಗೇ ಬಂದು ಸೇರುವ ನೀರಿನಲ್ಲಿ.