ಗಂಟೆಯ ಲೆಕ್ಕದಿಂದ ಕಣ್ಣೆವೆಯ ಲೆಕ್ಕಕ್ಕೆ

ಚಾಲಕರ ದಣಿವಿನ ಮೇಲೆ ನಿಗಾ ಇಡಲು ಯುರೋಪು 1970ರ ನಿಯಮದಲ್ಲಿ ಒಪ್ಪಿಕೊಂಡ ಯಂತ್ರ ಅವರ ಮುಖ ನೋಡುತ್ತಿರಲಿಲ್ಲ. ಟ್ಯಾಕೋಗ್ರಾಫ್ ಎಂಬ ಆ ಪೆಟ್ಟಿಗೆಯಲ್ಲಿ ಮೇಣ ಲೇಪಿಸಿದ ದುಂಡನೆಯ ಕಾಗದವೊಂದು 24 ಗಂಟೆಗೆ ಒಂದು ಸುತ್ತು ತಿರುಗುತ್ತಿತ್ತು. ಲಾರಿ ಎಷ್ಟು ವೇಗದಲ್ಲಿ, ಎಷ್ಟು ದೂರ, ಎಷ್ಟು ಹೊತ್ತು ಓಡಿತು, ಯಾವಾಗ ನಿಂತಿತು ಎಂಬುದನ್ನು ಸೂಜಿ ಅದರ ಮೇಲೆ ಗೀರುತ್ತಿತ್ತು.

ಬ್ರಿಟನ್ನಿನ ಚಾಲಕರ ಸಂಘಟನೆಗಳಿಗೆ ಇದು ಹಿಡಿಸಲಿಲ್ಲ. ಕ್ಯಾಬಿನೊಳಗೆ ಕೂತ ಗೂಢಚಾರ ಎಂದು ಅದನ್ನು ಹಳಿದರು. ಸರ್ಕಾರವೂ ಕಡ್ಡಾಯ ಮಾಡಲು ಹಿಂಜರಿಯಿತು. ಕೊನೆಗೆ 1979ರ ಫೆಬ್ರವರಿಯಲ್ಲಿ ಯುರೋಪಿನ ನ್ಯಾಯಾಲಯ ಬ್ರಿಟನ್ನಿನ ವಿರುದ್ಧ ತೀರ್ಪು ಕೊಟ್ಟಿತು. ಆದರೆ ಆ ಗೂಢಚಾರನಿಗೆ ಎರಡು ನಾಲಗೆ. ಚಾಲಕ ಎಲ್ಲಿ ತಡಮಾಡಿದ ಎಂದು ಹೇಳುವ ಕಾಗದವೇ, ಮಾಲೀಕ ಅವನನ್ನು ಎಷ್ಟು ಹೊತ್ತು ದುಡಿಸಿದ ಎಂಬುದಕ್ಕೂ ಸಾಕ್ಷಿ.

ಮುಂದಿನ ತಿರುವು ಅಮೆರಿಕದ ಪ್ರಯೋಗಾಲಯಗಳಲ್ಲಿ ಬಂತು. 1994ರಲ್ಲಿ ವರ್ಜೀನಿಯಾದ ವಾಲ್ಟರ್ ವಿಯರ್‌ವಿಲ್ ಮತ್ತು ಸಂಗಡಿಗರು ಒಂದು ಅಳತೆ ಮುಂದಿಟ್ಟರು: ಒಂದು ನಿಮಿಷದಲ್ಲಿ ಎಷ್ಟು ಹೊತ್ತು ರೆಪ್ಪೆ ಕಣ್ಣನ್ನು ಶೇ. 80ಕ್ಕಿಂತ ಹೆಚ್ಚು ಮುಚ್ಚಿರುತ್ತದೆ? ಪರ್‌ಕ್ಲೋಸ್ ಎಂಬ ಈ ಅಳತೆ ಗಮನ ತಪ್ಪುವುದರೊಂದಿಗೆ ಚೆನ್ನಾಗಿ ತಾಳೆಯಾಗುತ್ತದೆಂದು 1998ರ ವರದಿ ಹೇಳಿತು. 2009ರಲ್ಲಿ ಮರ್ಸಿಡಿಸ್ ಕ್ಯಾಮೆರಾ ಇಲ್ಲದೆ ಇನ್ನೊಂದು ದಾರಿ ಹಿಡಿಯಿತು. ಪಯಣದ ಆರಂಭದಲ್ಲಿ ಚಾಲಕ ಸ್ಟಿಯರಿಂಗ್ ಹಿಡಿಯುವ ರೀತಿಯನ್ನು ಕಲಿತು, ಆಮೇಲಿನ ವ್ಯತ್ಯಾಸದಿಂದ ತೂಕಡಿಕೆಯನ್ನು ಊಹಿಸುವುದು.

ತೂಕಡಿಕೆಯ ಎಚ್ಚರಿಕೆ ಯುರೋಪಿನಲ್ಲಿ 2024ರ ಜುಲೈಯಿಂದ ಎಲ್ಲ ಹೊಸ ವಾಹನಗಳಿಗೂ ಕಡ್ಡಾಯ. ಹಳೆಯ ಜಗಳದ ನೆನಪೋ ಎಂಬಂತೆ, ಆ ಮಾಹಿತಿ ಯಾವ ಮೂರನೆಯವರ ಕೈಗೂ ಸಿಗಕೂಡದು, ಕೆಲಸ ಮುಗಿದ ಕೂಡಲೇ ಅಳಿಯಬೇಕು ಎಂದು 2019ರ ಆ ಕಾನೂನು ವಿಧಿಸಿದೆ.

ಗೌಪ್ಯತೆಗೆ ಇದು ಒಳ್ಳೆಯದೇ. ಆದರೆ ಮಾಲೀಕನ ಮೇಲಿನ ಸಾಕ್ಷಿಯೂ ಇದರಲ್ಲಿ ಉಳಿಯುವುದಿಲ್ಲ. ಭಾರತದ ಕಾನೂನಿಗೆ ಗಂಟೆಯ ಲೆಕ್ಕ ಹೊಸದಲ್ಲ: 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆಯ ಮಿತಿ ಹಾಕಿ, 5 ಗಂಟೆ ದುಡಿದವನಿಗೆ ಅರ್ಧ ಗಂಟೆ ವಿರಾಮ ಕೊಡಬೇಕೆಂದಿತು. ನಿದ್ದೆ ಬರುತ್ತಿದೆ ಎಂದು ಸೆನ್ಸರ್ ಚಾಲಕನಿಗೆ ಹೇಳಬಲ್ಲದು. ಗಾಡಿ ನಿಲ್ಲಿಸಿ ಮಲಗಿದರೆ ಅವನ ಆ ದಿನದ ಕೂಲಿ ಉಳಿಯುತ್ತದೆಯೇ ಎಂಬುದನ್ನು ಮಾತ್ರ ಕಾನೂನು ಮತ್ತು ಮಾಲೀಕ ಹೇಳಬೇಕು.