ವಾಲಿದ ಕಂಬಕ್ಕೂ ಒಂದು ಹೆಸರಿತ್ತು



ಮಕರಪುರದಿಂದ ಒಬ್ಬ ಕೇಳುಗರು ಫೋನ್ ಮಾಡಿದ್ದರು. ಧಾರವಾಡದ ಕಡೆಯವರು, ಅಲ್ಲಿನ ಜಿಐಡಿಸಿಯಲ್ಲಿ ಲೇತ್ ಕೆಲಸ. ಮಗಳು ಗುಜರಾತಿ ಮಾಧ್ಯಮದಲ್ಲಿ ಓದುತ್ತಾಳೆ. "ಆಕಿ 'ಸಮಲಂಬ ಚತುಷ್ಕೋಣ' ಅಂತಾಳ್ರಿ. ನಾವು ಸಾಲ್ಯಾಗ 'ತ್ರಾಪಿಜ್ಯ' ಅಂತ ಕಲಿತಿದ್ವಿ. ಅದು ಇಂಗ್ಲಿಷಲ್ಲೇನಪ್ಪಾ, ನಿಮ್ಮ ಕನ್ನಡದಾಗ ಲೆಕ್ಕ ಇರಲೇ ಇಲ್ಲೇನು ಅಂದ್ಲು. ಬಾಯಿ ಕಟ್ಟಿತು ನೋಡ್ರಿ."

ನನ್ನದು ಕನ್ನಡ ಬಿಎ, ಗಣಿತಕ್ಕೂ ನನಗೂ ಹತ್ತನೇ ತರಗತಿಗೇ ಮುಗಿದಿತ್ತು. ಆದರೂ ಆ 'ನಿಮ್ಮ ಕನ್ನಡ' ಕಿವಿಯಲ್ಲೇ ಉಳಿಯಿತು.

ಹುಡುಗಿ ಹೇಳಿದ್ದು ಸರಿಯೇ. ತ್ರಾಪಿಜ್ಯ ಇಂಗ್ಲಿಷಿನ ಮೂಲಕ ಬಂದ ಗ್ರೀಕ್ ಪದ, ಮೂಲದಲ್ಲಿ 'ಪುಟ್ಟ ಮೇಜು'. ಆದರೆ ಲೆಕ್ಕದ ಕಥೆ ಬೇರೆ, ಅದು ವಡೋದರಾಕ್ಕೂ ಅಂಟಿಕೊಂಡಿದೆ. ಈ ಊರಿನ ಹೆಸರು 'ವಟಪದ್ರಕ' ಎಂದು ಕಾಣುವುದು ಕ್ರಿ.ಶ. 812ರ ತಾಮ್ರಪಟದಲ್ಲಿ. ದಾನ ಕೊಟ್ಟವನು ಲಾಟದ ರಾಷ್ಟ್ರಕೂಟ ಕರ್ಕ. 814ರಲ್ಲಿ ಇನ್ನೂ ಹುಡುಗನಾಗಿದ್ದ ಅಮೋಘವರ್ಷ ನೃಪತುಂಗ ಪಟ್ಟಕ್ಕೆ ಬಂದಾಗ ಅವನ ಬೆನ್ನಿಗೆ ನಿಂತವನೂ ಇದೇ ಕರ್ಕ.

ಆ ನೃಪತುಂಗನನ್ನು ಹೊಗಳಿಯೇ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದದ್ದು, ಸುಮಾರು 850ರಲ್ಲಿ. ಭಾಷೆ ಸಂಸ್ಕೃತ, ನೆಲ ನಮ್ಮದು. ತ್ರಿಭುಜ ಮೂರು ಬಗೆ, ಚತುರ್ಭುಜ ಐದು, ವೃತ್ತ ಎಂಟು. ಮೊಟ್ಟೆಯಂತೆ ಉದ್ದವಾದದ್ದು 'ಆಯತವೃತ್ತ', ಶಂಖದಂಥದ್ದು 'ಕಂಬುಕವೃತ್ತ'. ಇನ್ನು ಕೆಲವು ಆಕಾರಗಳಿಗೆ ಮನೆ ಹೊಲಗಳ ಹೆಸರೇ: ಜವೆಗೋಧಿಯ ಕಾಳಿನದು ಯವ, ನಡು ಉಬ್ಬಿದ ಮದ್ದಳೆಯದು ಮುರಜ, ನಡು ಸಣ್ಣಗಿರುವುದು ಪಣವ. ನಡು ಸಣ್ಣಗಿರುವ ಇನ್ನೊಂದು ಇಂದ್ರನ ವಜ್ರಾಯುಧ. ನಮ್ಮ ಪಠ್ಯದ 'ವಜ್ರಾಕೃತಿ'ಯೇ ಬೇರೆ, ಅದು ಸೂರತ್‌ನಲ್ಲಿ ಸಾಣೆ ಹಿಡಿಯುವ ಹರಳಿನ ನೆನಪು ತರುತ್ತದೆ. ಹೆಸರು ಒಂದೇ, ಆಕಾರ ಎರಡು.

ನನಗೆ ಹೆಚ್ಚು ಹಿಡಿಸಿದ್ದು ನೆರಳಿನ ಅಧ್ಯಾಯ. ನೆಟ್ಟಗಿಲ್ಲದ ಕಂಬ ಎಷ್ಟು ವಾಲಿದೆ ಎಂದು ನೆರಳಿನಿಂದ ಕಂಡುಹಿಡಿಯುವ ಸೂತ್ರ ಅಲ್ಲಿದೆ. ಆ ವಾಲಿಗೆ ಅವರ ಪದ 'ಅವನತಿ'. ಈಗ ನಾವು ರಾಜವಂಶಗಳ ಅವನತಿ ಎಂದು ಪರೀಕ್ಷೆಯಲ್ಲಿ ಬರೆಯುತ್ತೇವೆ. ಆಗ ಅದು ಅಳೆಯಬಹುದಾದ ಸಂಗತಿ!

ಆಡುಮಾತಂತೂ ಇನ್ನೂ ಸೂಕ್ಷ್ಮ. ಏಣಿ ಗೋಡೆಗೆ ಒರಗುತ್ತದೆ, ಹೇರು ಹೆಚ್ಚಾದ ಗಾಡಿ ವಾಲುತ್ತದೆ, ಗೊನೆಯ ಭಾರಕ್ಕೆ ಬಾಳೆ ಬಾಗುತ್ತದೆ, ಮೊಳೆ ಸೊಟ್ಟಗಾಗುತ್ತದೆ. ಗುಜರಾತಿಯ 'ತ್ರಾಂಸು' ನಮ್ಮ 'ಓರೆ'ಗೆ ಹತ್ತಿರ. ಹಾಂ, ಅಹಮದಾಬಾದಿನ ಝೂಲ್ತಾ ಮಿನಾರಾಗಳನ್ನು ಊರಿಂದ ಬಂದ ನೆಂಟರಿಗೆ 'ವಾಲುವ ಗೋಪುರ' ಎಂದು ತೋರಿಸಬೇಡಿ. ವಾಲಿರುವುದು ಪೀಸಾದ್ದು. ಇಲ್ಲಿನವು ತೂಗಾಡುವಂಥವು, ಒಂದನ್ನು ಅಲ್ಲಾಡಿಸಿದರೆ ಇನ್ನೊಂದೂ ಕಂಪಿಸುತ್ತಿತ್ತು.

ಕನ್ನಡದಲ್ಲೇ ಲೆಕ್ಕ ಬರೆದವರೂ ಇದ್ದಾರೆ. 12ನೇ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳನ್ನು ಬರೆದ. ಕ್ಷೇತ್ರ ಎಂದರೆ ಹೊಲವೂ ಹೌದು, ಆಕೃತಿಯೂ ಹೌದು.

ಇಷ್ಟನ್ನೂ ಮಕರಪುರದವರಿಗೆ ಫೋನಿನಲ್ಲೇ ಓದಿ ಹೇಳಿದೆ. "ತಡೀರಿ, ಆಕಿ ಕೈಗೇ ಕೊಡ್ತೇನಿ" ಎಂದರು. ಹುಡುಗಿ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದಳು: "ನೆರಳಿನ ಲೆಕ್ಕ ಹೆಂಗ್ ಮಾಡೋದು ಅಂಕಲ್?"

ಗಣಿತ ಬಲ್ಲ ಕೇಳುಗರು ಯಾರಾದರೂ ನಮ್ಮ ಸ್ಟುಡಿಯೋಗೆ ಬರುವಿರಾ?