ಮೂರಕ್ಕೆ ನಾಲ್ಕು

ಗಣಿತದ ಮೇಷ್ಟ್ರಾಗಿ ಮೂವತ್ತನಾಲ್ಕು ವರ್ಷ ಸೀಮೆಸುಣ್ಣ ಹಿಡಿದ ಕೈ ನನ್ನದು. ನಿವೃತ್ತನಾದ ಮೇಲೆ ಆ ಕೈಗೆ ಬೇರೊಂದು ಕೆಲಸ ಬೇಕೆನಿಸಿ, ಅರುವತ್ತೊಂದನೆಯ ವಯಸ್ಸಿನಲ್ಲಿ ಪಿಯಾನೋ ಕಲಿಯಲು ಕುಳಿತೆ. ಮನೆಯವರು ನಕ್ಕರು. ನಗಲಿ ಎಂದು ನಾನೂ ನಕ್ಕೆ. ಆರು ವರ್ಷಗಳ ಬಾಲಪಾಠದ ನಂತರ, ಮಗಳ ವಯಸ್ಸಿನ ನನ್ನ ಶಿಕ್ಷಕಿ ಬೇಡವೆಂದರೂ ಕೇಳದೆ, ಶೋಪಾನನ ‘ಫ್ಯಾಂಟಸಿ–ಇಂಪ್ರಾಂಪ್ಟು’ ಎಂಬ ಕೃತಿಗೆ ಕೈ ಹಚ್ಚಿದೆ. ಈ ಲೇಖನ ಆ ಕೃತಿಯ ಚರಿತ್ರೆಯನ್ನು ಕುರಿತದ್ದು. ಜೊತೆಗೆ ಅದು ನನಗೆ ನೆನಪು ಮಾಡಿಕೊಟ್ಟ ಒಂದು ಹಳೆಯ ತಪ್ಪನ್ನು ಕುರಿತದ್ದೂ ಹೌದು.

ಪಿಯಾನೋ ಮೈಸೂರಿಗೆ ತೀರ ಅಪರಿಚಿತ ವಾದ್ಯವೇನಲ್ಲ. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ನಮ್ಮ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತವನ್ನೂ ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಿದ್ದ ಪಿಯಾನೋ ವಾದಕರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದವರು ಅವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾರೆ. ಆದರೆ ನನ್ನ ಕಥೆ ಅರಮನೆಯದಲ್ಲ, ಪ್ಯಾರಿಸಿನ ಒಂದು ಬಾಡಿಗೆ ಮನೆಯದು.

ಫ್ರೆಡರಿಕ್ ಶೋಪಾನ್ 1810ರಲ್ಲಿ ಪೋಲೆಂಡಿನ ವಾರ್ಸಾ ಸಮೀಪದ ಹಳ್ಳಿಯೊಂದರಲ್ಲಿ ಜನಿಸಿದನು. ಇಪ್ಪತ್ತನೆಯ ವಯಸ್ಸಿನಲ್ಲಿ ಸ್ವದೇಶವನ್ನು ಬಿಟ್ಟವನು ಮತ್ತೆ ಅಲ್ಲಿಗೆ ಹಿಂದಿರುಗಲಿಲ್ಲ. 1831ರಲ್ಲಿ ಪ್ಯಾರಿಸ್ ಸೇರಿ, ಮುಖ್ಯವಾಗಿ ಪಾಠ ಹೇಳಿ ಜೀವನ ಸಾಗಿಸಿದನು. ಎಂದರೆ ಅವನೂ ಒಬ್ಬ ಮೇಷ್ಟ್ರು. ನಾನು ಹೇಳುತ್ತಿರುವ ಕೃತಿಯನ್ನು ಅವನು ರಚಿಸಿದ್ದು 1834ರ ಸುಮಾರಿನಲ್ಲಿ. ವಿಚಿತ್ರವೆಂದರೆ, ಇಂದು ಲೋಕಪ್ರಸಿದ್ಧವಾದ ಆ ರಚನೆಯನ್ನು ಅವನು ತನ್ನ ಜೀವಮಾನದಲ್ಲಿ ಪ್ರಕಟಿಸಲೇ ಇಲ್ಲ. 1849ರ ಅಕ್ಟೋಬರ್ 17ರಂದು ಸಾಯುವ ಮುನ್ನ, ಅಚ್ಚಾಗದ ತನ್ನ ಹಸ್ತಪ್ರತಿಗಳನ್ನು ಸುಟ್ಟುಬಿಡಬೇಕೆಂದು ಕೇಳಿಕೊಂಡಿದ್ದನು.

ಅವನ ಮಾತು ನಡೆಯಲಿಲ್ಲ. ಬಾಲ್ಯದ ಗೆಳೆಯನೂ ಅವನ ಕೃತಿಗಳನ್ನು ನಕಲು ಮಾಡಿಕೊಡುತ್ತಿದ್ದವನೂ ಆದ ಜೂಲಿಯನ್ ಫಾಂಟಾನಾ, ಶೋಪಾನನ ತಾಯಿ ಮತ್ತು ಸೋದರಿಯರ ಒಪ್ಪಿಗೆ ಪಡೆದು 1855ರಲ್ಲಿ ಅದನ್ನು ಪ್ರಕಟಿಸಿದನು. ಶೋಪಾನ್ ಬರಿದೇ ‘ಇಂಪ್ರಾಂಪ್ಟು’ ಎಂದಿದ್ದ ಹೆಸರಿಗೆ ‘ಫ್ಯಾಂಟಸಿ’ ಸೇರಿಸಿದವನೂ ಅವನೇ. ಗೆಳೆಯನ ಕೊನೆಯ ಮಾತನ್ನು ಮೀರಿದ್ದು ದ್ರೋಹವೋ ಉಪಕಾರವೋ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ನೂರು ವರ್ಷಗಳಿಗೂ ಮೀರಿ ಕಾಲ ಕಳೆದ ಮೇಲೆ, ಪಿಯಾನೋ ವಾದಕ ಆರ್ಥರ್ ರುಬಿನ್‌ಸ್ಟೀನ್ ಅವರ ಕೈಗೆ ಹಳೆಯ ಆಲ್ಬಮ್ ಒಂದು ಬಂತು. ದೆಸ್ತೆ ಎಂಬ ಬ್ಯಾರನೆಸ್ ಒಬ್ಬಳಿಗೆ ಸೇರಿದ್ದ ಆ ಆಲ್ಬಮಿನಲ್ಲಿ ಶೋಪಾನನ ಕೈಬರಹದಲ್ಲೇ ಇದೇ ಕೃತಿ, 1835ರ ತಾರೀಖಿನೊಡನೆ! ‘ಆಕೆಗಾಗಿ ರಚಿಸಿದ್ದು’ ಎಂಬ ಒಕ್ಕಣೆಯನ್ನು ಕಂಡು, ಶೋಪಾನ್ ಹಣ ಪಡೆದು ಇದನ್ನು ಆಕೆಗೆ ಕೊಟ್ಟಿರಬೇಕು, ಆದ್ದರಿಂದಲೇ ಅಚ್ಚು ಹಾಕಿಸಲಿಲ್ಲ ಎಂದು ರುಬಿನ್‌ಸ್ಟೀನ್ ಊಹಿಸಿದರು. 1962ರಲ್ಲಿ ಆ ಪಾಠವನ್ನು ಪ್ರಕಟಿಸಿದರು. ಫಾಂಟಾನಾನ ಪಾಠಕ್ಕೂ ಇದಕ್ಕೂ ಹಲವೆಡೆ, ವಿಶೇಷವಾಗಿ ಎಡಗೈಯ ವಿವರಗಳಲ್ಲಿ, ವ್ಯತ್ಯಾಸವಿದೆ.

ಇನ್ನು ಇದರ ಕಷ್ಟವೇನೆಂದು ಹೇಳುತ್ತೇನೆ. ಒಂದು ಎಣಿಕೆಯ ಅವಧಿಯಲ್ಲಿ ಬಲಗೈ ನಾಲ್ಕು ಸ್ವರಗಳನ್ನು ನುಡಿಸಬೇಕು, ಅದೇ ಅವಧಿಯಲ್ಲಿ ಎಡಗೈ ಮೂರನ್ನು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಬಲಗೈಗೆ ಚತುರಶ್ರ, ಎಡಗೈಗೆ ತಿಶ್ರ. ಬಲಗೈ ‘ತಕಧಿಮಿ’ ಎಂದರೆ ಎಡಗೈ ‘ತಕಿಟ’ ಎನ್ನಬೇಕು, ಅದೂ ಏಕಕಾಲದಲ್ಲಿ. ವಾಡಿಕೆಯ ವೇಗದಲ್ಲಿ ಬಲಗೈಗೆ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸ್ವರಗಳು ಬೀಳುತ್ತವೆ.

ಗಣಿತದವನಿಗೆ ಇದೊಂದು ಲೆಕ್ಕವೇ ಎಂದುಕೊಂಡೆ. ಮೂರು ಮತ್ತು ನಾಲ್ಕರ ಲ.ಸಾ.ಅ. ಹನ್ನೆರಡು. ಎಣಿಕೆಯನ್ನು ಹನ್ನೆರಡು ಮನೆಗಳಾಗಿ ಭಾಗಿಸಿದರೆ ಬಲಗೈ 1, 4, 7, 10ನೆಯ ಮನೆಗಳಲ್ಲಿಯೂ ಎಡಗೈ 1, 5, 9ನೆಯ ಮನೆಗಳಲ್ಲಿಯೂ ಬೀಳುತ್ತದೆ. ಎರಡೂ ಕೂಡುವುದು ಮೊದಲನೆಯ ಮನೆಯಲ್ಲಿ ಮಾತ್ರ. ಒಂದು ಪೆಟ್ಟಿನಿಂದ ಮುಂದಿನ ಪೆಟ್ಟಿಗಿರುವ ಅಂತರ 3, 1, 2, 2, 1, 3. ಹಿಂದಿನಿಂದ ಓದಿದರೂ ಅದೇ! ಚೌಕುಳಿ ಕಾಗದದ ಮೇಲೆ ಈ ಪಟ್ಟಿಯನ್ನು ಬರೆದು ಪಿಯಾನೋದ ಎದುರಿಗೆ ಅಂಟಿಸಿಕೊಂಡು, ಅರ್ಧ ಜಯಿಸಿದೆನೆಂದು ಹಿಗ್ಗಿದೆ.

ಎರಡು ತಿಂಗಳಾದರೂ ಕೈಗಳು ಕೇಳಲಿಲ್ಲ. ಬಲಗೈ ಎಡಗೈಯನ್ನು ಎಳೆಯಿತು, ಇಲ್ಲವೇ ಎಡಗೈ ತಾನೂ ನಾಲ್ಕಾಯಿತು. ಸಾಲದ್ದಕ್ಕೆ ಇನ್ನೊಂದು ತೊಡಕು. ಈ ಕೃತಿಯಲ್ಲಿ ಎಡಗೈ ಮೊದಲು ಒಂಟಿಯಾಗಿ ಹೊರಡುತ್ತದೆ, ಬಲಗೈ ಆಮೇಲೆ ಬಂದು ಸೇರಿಕೊಳ್ಳುತ್ತದೆ. ಹಾಗೆ ಸೇರುವಾಗ ಅದರ ಮೊದಲ ಮನೆಯಲ್ಲಿ ಸ್ವರವಿಲ್ಲ, ಮೌನವಿದೆ. ಎರಡೂ ಕೈಗಳು ಕೂಡಬೇಕಾದ ಒಂದೇ ಒಂದು ಜಾಗವನ್ನೂ ಶೋಪಾನ್ ಬರಿದಾಗಿ ಬಿಟ್ಟಿದ್ದಾನೆ. ನನ್ನ ಪಟ್ಟಿ ಅಲ್ಲಿಯೇ ನಿರುಪಯುಕ್ತವಾಯಿತು.

“ಸರ್, ಆ ಕಾಗದ ತೆಗೆದುಬಿಡಿ. ಒಂದೊಂದೇ ಕೈಯನ್ನು ಕಣ್ಣುಮುಚ್ಚಿ ನುಡಿಸುವಷ್ಟು ಕಲಿಯಿರಿ. ಆಮೇಲೆ ಎಡಗೈಯನ್ನು ನಂಬಿ” ಎಂದರು ಶಿಕ್ಷಕಿ.

ಇದು ಶೋಪಾನನ ಬೋಧನೆಯೂ ಆಗಿತ್ತು. ಎಡಗೈ ವಾದ್ಯವೃಂದದ ನಿರ್ದೇಶಕನಿದ್ದಂತೆ, ಅದು ಕಾಲವನ್ನು ಬಿಡಬಾರದು, ಬಲಗೈ ಬೇಕಾದರೆ ಅದರ ಮೇಲೆ ಸ್ವಲ್ಪ ಹಿಂದೆಮುಂದೆ ಆಡಬಹುದು ಎಂದು ಅವನು ಹೇಳುತ್ತಿದ್ದುದನ್ನು ಶಿಷ್ಯರು ದಾಖಲಿಸಿದ್ದಾರೆ. ಕಾಲ ಸೂಚಿಸುವ ಮೆಟ್ರೊನೋಮ್ ಯಂತ್ರ ಅವನ ಪಿಯಾನೋದ ಮೇಲೆ ಸದಾ ಇರುತ್ತಿತ್ತೆಂದು ಅವರಲ್ಲೊಬ್ಬನಾದ ಮಿಕುಲಿ ಹೇಳಿದ್ದಾನೆ. ಅದಕ್ಕೂ ಮುಂಚೆ, 1777ರಲ್ಲಿಯೇ, ಮೊಟ್ಸಾರ್ಟ್ ತಂದೆಗೆ ಬರೆದ ಕಾಗದದಲ್ಲಿ ತನ್ನ ಎಡಗೈ ಕಾಲ ತಪ್ಪದಿರುವುದು ಜನರಿಗೆ ಅರ್ಥವಾಗುತ್ತಿಲ್ಲವೆಂಬ ಭಾವದ ಮಾತಿದೆ. ತೊಡೆಯ ಮೇಲೆ ತಾಳ ಹಾಕುತ್ತ, ಆ ತಾಳಕ್ಕೆ ಕಟ್ಟುಬಿದ್ದೂ ಬೀಳದಂತೆ ಹಾಡುವವರನ್ನು ಕಂಡಿರುವ ನಮಗೆ ಇದು ಹೊಸ ಸಂಗತಿಯಲ್ಲ. ನನಗೆ ಮಾತ್ರ ಹೊಸದಾಗಿತ್ತು.

ಕಾಗದವನ್ನು ಕೀಳುವಾಗಲೇ ಆ ಹುಡುಗ ನೆನಪಾದದ್ದು.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳ ಮಾತು. ಏಳನೆಯ ತರಗತಿ, ಲ.ಸಾ.ಅ. ಪಾಠ. ಹಿಂದಿನ ಬೆಂಚಿನ ಹುಡುಗನೊಬ್ಬ ಡೆಸ್ಕಿನ ಮೇಲೆ ಎರಡೂ ಕೈಗಳಿಂದ ಮೆಲ್ಲಗೆ ಬಾರಿಸುತ್ತಿದ್ದ. ಅವನ ಮನೆಯಲ್ಲಿ ತಲೆಮಾರಿನಿಂದ ಡೋಲು ಬಾರಿಸುವವರಿದ್ದರು. “ಏನೋ ಅದು?” ಎಂದು ಗದರಿಸಿದೆ. “ಒಂದು ಕೈಲಿ ಮೂರು, ಒಂದು ಕೈಲಿ ನಾಲ್ಕು ಸಾರ್. ಹನ್ನೆರಡಕ್ಕೆ ಸೇರ್ತವೆ” ಎಂದ. ತರಗತಿ ನಕ್ಕಿತು. ನಾನು ಅದನ್ನು ಉದ್ಧಟತನವೆಂದು ತಿಳಿದು ಪಾಠ ಮುಗಿಯುವವರೆಗೂ ಬೆಂಚಿನ ಮೇಲೆ ನಿಲ್ಲಿಸಿದೆ. ಆಮೇಲೆ ಅವನು ನನ್ನ ತರಗತಿಯಲ್ಲಿ ಕೈ ಎತ್ತಿದ್ದನ್ನು ಕಾಣೆ. ಮರುವರ್ಷ ಶಾಲೆಗೇ ಬರಲಿಲ್ಲ. ಅದಕ್ಕೆ ನಾನೇ ಕಾರಣನೆಂದು ಹೇಳಿಕೊಳ್ಳುವುದೂ ಒಂದು ಬಗೆಯ ಅಹಂಕಾರವಾದೀತು, ಅವನ ಮನೆಯ ಬಡತನ ನಾನು ಬಲ್ಲದ್ದೇ. ಆದರೆ ನಾನು ಕಪ್ಪುಹಲಗೆಯ ಮೇಲೆ ತೋರಿಸಲು ಹೆಣಗುತ್ತಿದ್ದುದನ್ನು ಅವನು ಬೆರಳುಗಳಲ್ಲಿ ಹೊತ್ತು ತಂದಿದ್ದ. ಕರೆದು ಮುಂದೆ ನಿಲ್ಲಿಸಿ ಎಲ್ಲರಿಗೂ ಕೇಳಿಸಬೇಕಾಗಿತ್ತು. ಆ ದಿನ ನನಗೆ ಗೊತ್ತಿದ್ದುದು ಸಂಖ್ಯೆ ಮಾತ್ರ. ಅವನಿಗೆ ಸಂಖ್ಯೆಯೂ ಗೊತ್ತಿತ್ತು, ಅದರ ಸದ್ದೂ ಗೊತ್ತಿತ್ತು.

ಅಂದಿನಿಂದ ಪಿಯಾನೋ ಮುಚ್ಚಿ, ಮೇಜಿನ ಮೇಲೆ ಬಾರಿಸಲು ಕುಳಿತೆ. ಎಡಗೈಯಲ್ಲಿ ತಕಿಟ, ತಕಿಟ ಎಂದು ಅರ್ಧ ಗಂಟೆ. ಬಲಗೈಯಲ್ಲಿ ತಕಧಿಮಿ ಅರ್ಧ ಗಂಟೆ. ಮೂರನೆಯ ವಾರದ ಒಂದು ಬೆಳಗ್ಗೆ ಎರಡೂ ಒಟ್ಟಿಗೆ ಬಂದವು. ಬಂದವೆಂದು ಗಮನಿಸಿದೊಡನೆ ಕೆಟ್ಟವು. ಗಮನಿಸದೆ ಬಿಟ್ಟಾಗ ಮತ್ತೆ ಬಂದವು. ಕೀಗಳ ಮೇಲೆ ಅದನ್ನು ತರಲು ಇನ್ನೂ ಏಳು ತಿಂಗಳು ಹಿಡಿಯಿತು.

ಇಂದಿಗೂ ಶೋಪಾನನ ವೇಗದ ಅರ್ಧಕ್ಕಿಂತ ಮೇಲೆ ನಾನು ಹೋಗಲಾರೆ. ಆದರೂ ದಿನವೂ ಒಮ್ಮೆ ನುಡಿಸುತ್ತೇನೆ, ಕೊನೆಯ ಪುಟದ ಆಸೆಗಾಗಿ. ನಡುವಿನ ಭಾಗದಲ್ಲಿ ಬಲಗೈ ಹಾಡಿದ್ದ ನಿಧಾನದ ಮಧುರ ರಾಗವನ್ನು ಕೊನೆಯಲ್ಲಿ ಎಡಗೈ ಕೆಳಗಿನ ಸ್ವರಗಳಲ್ಲಿ ಮತ್ತೊಮ್ಮೆ ಹಾಡುತ್ತದೆ, ಬಲಗೈ ಮೇಲೆ ಮೆಲ್ಲಗೆ ಅಲೆಯಾಡುತ್ತಿರುತ್ತದೆ. ಅಷ್ಟು ಹೊತ್ತೂ ಕಾಲ ಕಾಯ್ದ ಕೈಗೆ ಕೊನೆಗೊಮ್ಮೆ ಹಾಡುವ ಸರದಿ. ಫಾಂಟಾನಾ ಗೆಳೆಯನ ಮಾತನ್ನು ಪಾಲಿಸಿ ಸುಟ್ಟಿದ್ದರೆ, ಆ ಆಲ್ಬಮ್ ಸಿಗುವವರೆಗೆ ನೂರಕ್ಕೂ ಹೆಚ್ಚು ವರ್ಷ ಇದನ್ನು ಯಾರೂ ಕೇಳುತ್ತಿರಲಿಲ್ಲ. ಅವನು ಮಾಡಿದ್ದು ಸರಿಯೆಂದೇ ನನ್ನ ಮತ.

ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಅವನಿಗೆ ಈ ಬರಹ ಕಂಡೀತೆಂಬ ಭ್ರಮೆ ನನಗಿಲ್ಲ. ಆದರೆ ಓದುಗರಲ್ಲಿ ಮೇಷ್ಟ್ರಾಗಿರುವವರು ಯಾರಾದರೂ ಇದ್ದರೆ, ತರಗತಿಯಲ್ಲಿ ಡೆಸ್ಕಿನ ಸದ್ದು ಕೇಳಿದಾಗ ಗದರಿಸುವ ಮುನ್ನ ಒಂದು ಆವರ್ತ ಕಿವಿಗೊಡಿ ಎಂಬುದಷ್ಟೇ ನನ್ನ ವಿನಂತಿ.